ಯಾರಿಂದ ಕೇಳಿದಿರಿ? ಹದೀಸ್ ವರದಿಗಾರರನ್ನು ಪರಿಶೀಲಿಸಿದವರ ಚರಿತ್ರೆ

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತವು ಸತ್ಯವಿಶ್ವಾಸಿಗಳನ್ನು ನೇರವಾಗಿ ಸಂಬೋಧಿಸುತ್ತದೆ. ಕರ್ಮಭ್ರಷ್ಟನೊಬ್ಬನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂದೂ, ಇಲ್ಲವಾದರೆ ಅರಿಯದೆ ಒಂದು ಜನಸಮೂಹಕ್ಕೆ ಹಾನಿಯೆಸಗಿ ಬಳಿಕ ಪರಿತಪಿಸಬೇಕಾದೀತೆಂದೂ ಅದು ಎಚ್ಚರಿಸುತ್ತದೆ. ಸಾಮಾನ್ಯ ಸುದ್ದಿಯ ವಿಷಯದಲ್ಲಿಯೇ ಇಷ್ಟು ಎಚ್ಚರ ಅಗತ್ಯವೆಂದಾದರೆ, ಪ್ರವಾದಿವರ್ಯರ(ಸ) ಹೆಸರಿನಲ್ಲಿ ಬರುವ ಮಾತಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕು? ತಮ್ಮ ಮೇಲೆ ಬೇಕೆಂದೇ ಸುಳ್ಳು ಹೊರಿಸುವವನ ನೆಲೆ ನರಕವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದು ಬಹುಸಂಖ್ಯೆಯ ಸಹಾಬಿಗಳಿಂದ ವರದಿಯಾಗಿದೆ. ಹದೀಸ್ ವಿದ್ವಾಂಸರು ಯಾವ ಸಂಶಯವೂ ಇಲ್ಲದೆ ಮುತವಾತಿರ್ ಎಂದು ಒಪ್ಪಿರುವ ಕೆಲವೇ ವಚನಗಳಲ್ಲಿ ಇದೂ ಒಂದು.

ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಮನೆಗಳಿಗೆ ಹದೀಸ್ ತಲಪುವ ದಾರಿಗಳು ಹಲವು. ಜುಮಾ ದಿನದ ಪ್ರವಚನ, ಮಕ್ಕಳ ಮದ್ರಸ, ಮಂಗಳೂರಿನಲ್ಲಿ ಅಚ್ಚಾಗಿ ಬರುವ ಕನ್ನಡ ಪುಸ್ತಕಗಳು ಇವೆ. ಈಚೆಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಮೊಬೈಲು ಇದೆ. ಫಜ್ರ್ ನಮಾಝ್ ಮುಗಿಯುವಷ್ಟರಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದ ನಾಲ್ಕಾರು ವಚನಗಳು ಬಂದಿರುತ್ತವೆ, ಕೆಳಗೆ 'ಹದೀಸ್' ಎಂದಷ್ಟೇ ಇರುತ್ತದೆ. ನಮ್ಮ ಸೀಮೆಯ ಅರಿಶಿನದ ವ್ಯಾಪಾರಿ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡದೆ ಬೆಲೆ ಹೇಳುವುದಿಲ್ಲ. ಪ್ರವಾದಿವಚನವೆಂದು ಬಂದದ್ದನ್ನು ಮಾತ್ರ ಒಮ್ಮೆ ಓದಿ ಮರುಕ್ಷಣವೇ ಐದು ಗುಂಪುಗಳಿಗೆ ಕಳುಹಿಸಿಬಿಡುವುದು ವಾಡಿಕೆಯಾಗಿದೆ.

ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಶಾಲಾ ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಮುಸ್ಲಿಮೇತರ ಅತಿಥಿಗಳೂ ಅದನ್ನು ಆದರದಿಂದ ಉದ್ಧರಿಸುವುದುಂಟು. ಅದರ ಪ್ರಸಿದ್ಧ ಸನದಿನಲ್ಲಿ ಅಬೂ ಆತಿಕಾ ಎಂಬೊಬ್ಬ ವರದಿಗಾರನಿದ್ದಾನೆ. ಇಮಾಮ್ ಬುಖಾರಿ(ರ) ಅವನನ್ನು ಮುನ್ಕರುಲ್ ಹದೀಸ್ ಎಂದರು, ಅಂದರೆ ಅವನ ವರದಿಗಳನ್ನು ನೆಚ್ಚುವಂತಿಲ್ಲ. ಇಬ್ನುಲ್ ಜೌಝೀ ಅದನ್ನು ಕಟ್ಟುಕಥೆಗಳ ಸಾಲಿಗೇ ಸೇರಿಸಿದರು. ಅದೇ ರೀತಿ ಸ್ವಾತಂತ್ರ್ಯೋತ್ಸವದ ದಿನ ಮದ್ರಸಗಳ ಫಲಕಗಳಲ್ಲಿ ಕಾಣುವ, ದೇಶಪ್ರೇಮವು ಈಮಾನಿನ ಭಾಗವೆಂಬ ಮಾತನ್ನು ಪ್ರವಾದಿವಚನವಲ್ಲವೆಂದು ಹೇಳಿದವರಲ್ಲಿ ಲಾಹೋರಿನಲ್ಲಿ ಹುಟ್ಟಿ ಹಿ.ಶ. 650ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಇಮಾಮ್ ಸಗಾನೀ(ರ) ಒಬ್ಬರು. ಹಾಗೆಂದು ದೇಶವನ್ನು ಪ್ರೀತಿಸಬಾರದೆಂದು ಅವರಾರೂ ಹೇಳಲಿಲ್ಲ. ಮಕ್ಕಾವನ್ನು ಬಿಟ್ಟು ಹೊರಡುವಾಗ ಪ್ರವಾದಿವರ್ಯರು(ಸ) ಆ ಊರಿನ ಮೇಲಿನ ತಮ್ಮ ಪ್ರೀತಿಯನ್ನು ಹೇಳಿಕೊಂಡದ್ದು ಬೇರೆಯೇ ಸನದಿನಿಂದ ತಿರ್ಮಿದಿಯಲ್ಲಿ ಬಂದಿದೆ. ಮಾತು ಒಳ್ಳೆಯದೇ ಎಂಬುದು ಒಂದು ಪ್ರಶ್ನೆ, ಆ ಮಾತನ್ನು ಪ್ರವಾದಿವರ್ಯರು(ಸ) ಆಡಿದರೇ ಎಂಬುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿಡಲು ಆರಂಭಕಾಲದ ಮುಸ್ಲಿಮ್ ವಿದ್ವಾಂಸರು ಪಟ್ಟ ಪಾಡಿನ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಈ ಎಚ್ಚರ ಸಹಾಬಿಗಳ ಕಾಲದಲ್ಲಿಯೇ ಮೊದಲಾಯಿತು. ಅಬೂ ಮೂಸಾ ಅಲ್ ಅಶ್‌ಅರೀ(ರ) ಒಮ್ಮೆ ಖಲೀಫಾ ಉಮರ್(ರ) ಅವರ ಬಾಗಿಲಿಗೆ ಬಂದು ಮೂರು ಬಾರಿ ಅನುಮತಿ ಕೇಳಿ, ಉತ್ತರ ಬಾರದಿದ್ದಾಗ ಮರಳಿಹೋದರು. ಹೀಗೇಕೆ ಮಾಡಿದಿರೆಂದು ಉಮರ್(ರ) ಕೇಳಿದಾಗ, ಪ್ರವಾದಿವರ್ಯರು(ಸ) ಕಲಿಸಿದ್ದೇ ಹಾಗೆ ಎಂದರು. ಉಮರ್(ರ) ಅದಕ್ಕೆ ಸಾಕ್ಷಿ ಕೇಳಿದರು. ಅಬೂ ಮೂಸಾ(ರ) ಗಾಬರಿಯಿಂದ ಅನ್ಸಾರರ ಸಭೆಗೆ ಹೋದರು. ಅಲ್ಲಿದ್ದವರಲ್ಲಿ ಕಿರಿಯರಾದ ಅಬೂ ಸಈದ್ ಅಲ್ ಖುದ್ರೀ(ರ) ಎದ್ದು ಬಂದು ಸಾಕ್ಷಿ ನುಡಿದರು. ತಾನು ಅಬೂ ಮೂಸಾರನ್ನು ಸಂಶಯಿಸಿದ್ದಲ್ಲ, ಜನರು ಪ್ರವಾದಿವರ್ಯರ(ಸ) ಮೇಲೆ ಮಾತು ಹೊರಿಸುವುದಕ್ಕೆ ಅಂಜಲಿ ಎಂದು ಹಾಗೆ ಮಾಡಿದೆನೆಂದು ಉಮರ್(ರ) ಬಳಿಕ ಸ್ಪಷ್ಟಪಡಿಸಿದ್ದೂ ವರದಿಯಾಗಿದೆ. ಸಾಕ್ಷಿ ಕೇಳಿದ್ದು ಬಾಗಿಲು ತಟ್ಟುವ ಮರ್ಯಾದೆಯಂಥ ಸಣ್ಣ ವಿಷಯಕ್ಕೆ ಎಂಬುದನ್ನು ಓದುಗರು ಗಮನಿಸಬೇಕು.

ಹಿ.ಶ. 35ರಲ್ಲಿ ಖಲೀಫಾ ಉಸ್ಮಾನ್(ರ) ಹುತಾತ್ಮರಾದರು. ಆ ಬಳಿಕ ಸಮುದಾಯ ಒಡೆದು ಪಂಗಡಗಳಾದವು. ಪ್ರತಿಯೊಂದು ಪಂಗಡಕ್ಕೂ ತನ್ನನ್ನು ಸಮರ್ಥಿಸುವ ವಚನಗಳು ಬೇಕಾದವು, ಬೇಕಾದದ್ದನ್ನು ಕಟ್ಟಿಕೊಡುವವರೂ ಹುಟ್ಟಿಕೊಂಡರು. ಬುಶೈರ್ ಅಲ್ ಅದವೀ ಎಂಬವರು ಇಬ್ನು ಅಬ್ಬಾಸ್(ರ) ಅವರ ಮುಂದೆ ಪ್ರವಾದಿವಚನಗಳೆಂದು ಹೇಳುತ್ತಾ ಹೋದಾಗ ಆ ಮಹಾನುಭಾವರು ತಲೆಯೆತ್ತಿ ನೋಡಲೂ ಇಲ್ಲ. ಕಾರಣ ಕೇಳಿದಾಗ, ಒಂದು ಕಾಲದಲ್ಲಿ ಪ್ರವಾದಿವರ್ಯರ(ಸ) ಹೆಸರು ಕೇಳಿದೊಡನೆ ತಮ್ಮ ಕಣ್ಣು ಕಿವಿಗಳು ಅತ್ತ ಧಾವಿಸುತ್ತಿದ್ದವೆಂದೂ, ಜನರು ಸಿಕ್ಕಿದ್ದನ್ನೆಲ್ಲ ಹೇಳತೊಡಗಿದ ಮೇಲೆ ತಮಗೆ ಪರಿಚಯವಿರುವುದನ್ನು ಮಾತ್ರ ಸ್ವೀಕರಿಸುತ್ತಿದ್ದೇವೆಂದೂ ಉತ್ತರಿಸಿದರು. ಬಸ್ರಾದ ಇಬ್ನು ಸೀರೀನ್(ರ) (ಮರಣ ಹಿ.ಶ. 110) ಇದನ್ನೇ ಚರಿತ್ರೆಯ ಭಾಷೆಯಲ್ಲಿ ದಾಖಲಿಸಿದರು. ಅವರ ಪ್ರಕಾರ ಮೊದಲು ಯಾರೂ ಸನದ್ ಕೇಳುತ್ತಿರಲಿಲ್ಲ, ಫಿತ್ನಾ ಸಂಭವಿಸಿದ ಬಳಿಕವಷ್ಟೇ ಯಾರಿಂದ ಕೇಳಿದಿರೆಂದು ಹೆಸರು ಕೇಳುವ ಪದ್ಧತಿ ಬಂತು. ಇಮಾಮ್ ಮುಸ್ಲಿಮ್(ರ) ಈ ಎರಡನ್ನೂ ತಮ್ಮ ಸಹೀಹ್‌ನ ಮುನ್ನುಡಿಯಲ್ಲಿಯೇ ಇಟ್ಟಿದ್ದಾರೆ.

ಹೆಸರು ತಿಳಿದರೆ ಸಾಕೇ? ಆ ಹೆಸರಿನವನು ಎಂಥವನು? ಇಲ್ಲಿಂದಲೇ ಜರ್ಹ್ ವ ತಅದೀಲ್ ಎಂಬ ಶಾಸ್ತ್ರ, ಅಂದರೆ ವರದಿಗಾರರ ದೋಷಗಳನ್ನೂ ಅರ್ಹತೆಗಳನ್ನೂ ನಿರ್ಣಯಿಸುವ ವಿದ್ಯೆ, ಬೆಳೆಯಿತು. ಇರಾಕಿನಲ್ಲಿ ಶುಅಬಾ ಇಬ್ನುಲ್ ಹಜ್ಜಾಜ್ (ಮರಣ ಹಿ.ಶ. 160), ಅವರ ಶಿಷ್ಯರಾದ ಯಹ್ಯಾ ಅಲ್ ಕತ್ತಾನ್ ಮತ್ತು ಅಬ್ದುರ್ರಹ್ಮಾನ್ ಇಬ್ನು ಮಹ್ದೀ, ಮುಂದಿನ ತಲೆಮಾರಿನಲ್ಲಿ ಯಹ್ಯಾ ಇಬ್ನು ಮಈನ್, ಅಲೀ ಇಬ್ನುಲ್ ಮದೀನೀ, ಅಹ್ಮದ್ ಇಬ್ನು ಹಂಬಲ್, ಅನಂತರ ಬುಖಾರಿ, ಮುಸ್ಲಿಮ್, ಅಬೂ ಝುರ್‌ಆ, ಅಬೂ ಹಾತಿಮ್ (ಅಲ್ಲಾಹನು ಅವರೆಲ್ಲರ ಮೇಲೆ ಕರುಣೆ ತೋರಲಿ) ಹೀಗೆ ಸುಮಾರು ನೂರೈವತ್ತು ವರ್ಷಗಳ ಕಾಲ ಗುರುವಿನಿಂದ ಶಿಷ್ಯನಿಗೆ ಈ ಕಾರ್ಯ ಸಾಗಿತು.

ಅವರು ಕೇಳುತ್ತಿದ್ದ ಪ್ರಶ್ನೆಗಳು ಮುಖ್ಯವಾಗಿ ಎರಡು. ಮನುಷ್ಯ ನೀತಿವಂತನೇ? ಇದು ಅದಾಲತ್. ಕೇಳಿದ್ದನ್ನು ಕೇಳಿದಂತೆಯೇ ಉಳಿಸಿಕೊಳ್ಳಬಲ್ಲನೇ? ಇದು ಝಬ್ತ್. ಮೊದಲನೆಯದನ್ನು ನಾವೆಲ್ಲ ಬೇಗ ಅರ್ಥಮಾಡಿಕೊಳ್ಳುತ್ತೇವೆ. ಎರಡನೆಯದರ ಗಾಂಭೀರ್ಯ ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಇಮಾಮ್ ಮಾಲಿಕ್(ರ) ಮದೀನಾದ ಮಸ್ಜಿದುನ್ನಬವಿಯ ಕಂಬಗಳ ಬಳಿ ಪ್ರವಾದಿವಚನಗಳನ್ನು ಹೇಳುತ್ತಿದ್ದ ಎಪ್ಪತ್ತು ಮಂದಿಯನ್ನು ಕಂಡಿದ್ದರು. ಅವರಲ್ಲಿ ಯಾರನ್ನಾದರೂ ಸರಕಾರಿ ಖಜಾನೆಗೆ ನೇಮಿಸಿದ್ದರೆ ಪ್ರಾಮಾಣಿಕರಾಗಿಯೇ ಇರುತ್ತಿದ್ದರೆಂದು ಹೇಳಿದ ಅವರೇ, ಆ ಎಪ್ಪತ್ತು ಮಂದಿಯಿಂದ ಒಂದು ಹದೀಸನ್ನೂ ತೆಗೆದುಕೊಳ್ಳಲಿಲ್ಲ. ಅವರು ಈ ವಿದ್ಯೆಯವರಲ್ಲ ಎಂಬುದೇ ಅವರು ಕೊಟ್ಟ ಕಾರಣ. ಯಹ್ಯಾ ಅಲ್ ಕತ್ತಾನ್(ರ) ಇನ್ನೂ ಮುಂದೆ ಹೋಗಿ, ಸಜ್ಜನರ ನಾಲಿಗೆಯಲ್ಲಿ ಹದೀಸಿನ ವಿಷಯದಲ್ಲಿ ಹರಿಯುವಷ್ಟು ಸುಳ್ಳು ಬೇರೆಲ್ಲೂ ಕಾಣೆನೆಂದರು. ಅವರು ಬೇಕೆಂದು ಸುಳ್ಳಾಡುತ್ತಾರೆಂದಲ್ಲ, ಅರಿವಿಲ್ಲದೆ ಸುಳ್ಳು ಅವರ ನಾಲಿಗೆಯ ಮೇಲೆ ಹರಿದುಬಿಡುತ್ತದೆ ಎಂದು ಇಮಾಮ್ ಮುಸ್ಲಿಮ್(ರ) ವಿವರಿಸಿದ್ದಾರೆ. ಭಕ್ತಿ ಹೆಚ್ಚಿದ್ದು, ಒಳ್ಳೆಯ ಮಾತು ಕಂಡೊಡನೆ ನಾಲ್ಕು ಜನಕ್ಕೆ ತಲಪಿಸಬೇಕೆಂಬ ಆತುರವಿರುವ, ಆದರೆ ಮೂಲ ಕೇಳುವ ಅಭ್ಯಾಸವಿಲ್ಲದ ಇಂದಿನ ನಮ್ಮ ಹಿರಿಯರನ್ನೇ ನೋಡಿ ಹೇಳಿದಂತಿದೆ ಈ ಮಾತು.

ಹುಡುಗಿಗೆ ಮೈಸೂರಿನಿಂದಲೋ ಕೊಳ್ಳೇಗಾಲದಿಂದಲೋ ಸಂಬಂಧ ಬಂದಾಗ ಗುಂಡ್ಲುಪೇಟೆಯ ಕುಟುಂಬವೊಂದು ಹೇಗೆ ವಿಚಾರಿಸುತ್ತದೆಂಬುದು ನಮಗೆಲ್ಲ ಗೊತ್ತು. ಹುಡುಗನ ಬೀದಿಯ ಅಂಗಡಿಯವರನ್ನು, ಅವರ ಮಸೀದಿಯ ಇಮಾಮರನ್ನು, ಅವನ ಜೊತೆ ದುಡಿಯುವವರನ್ನು ಕೇಳದೆ ನಮ್ಮವರು ಮುಂದಿನ ಮಾತಾಡುವುದಿಲ್ಲ. ಕೂಫಾದ ಹಸನ್ ಇಬ್ನು ಸಾಲಿಹ್(ರ) ತಮ್ಮ ಕಾಲದ ಬಗ್ಗೆ ಹೇಳಿದ್ದು ಇದನ್ನೇ. ಒಬ್ಬನಿಂದ ಹದೀಸ್ ಬರೆದುಕೊಳ್ಳಬೇಕೆಂದಾಗ ಅವರು ಎಷ್ಟು ವಿಚಾರಿಸುತ್ತಿದ್ದರೆಂದರೆ, ಇವನಿಗೇನು ಹೆಣ್ಣು ಕೊಡುತ್ತಿದ್ದೀರಾ ಎಂದು ಊರಿನವರು ಕೇಳುತ್ತಿದ್ದರಂತೆ.

ವಿಚಾರಣೆಯ ಜೊತೆಗೆ ಪರೀಕ್ಷೆಯೂ ಇತ್ತು. ಯೆಮನಿನಲ್ಲಿ ಅಬ್ದುರ್ರಝ್ಝಾಕರ ಬಳಿ ಕಲಿತು ಮರಳಿದ ಇಬ್ನು ಮಈನ್ ಮತ್ತು ಅಹ್ಮದ್ ಇಬ್ನು ಹಂಬಲ್ ಕೂಫಾದ ಹಿರಿಯ ಗುರು ಅಬೂ ನುಐಮ್ (ಮರಣ ಹಿ.ಶ. 219) ಅವರ ಮನೆಗೆ ಹೋದರು. ಅವರನ್ನು ಪರೀಕ್ಷಿಸುವೆನೆಂದು ಇಬ್ನು ಮಈನ್ ಹೇಳಿದಾಗ, ಬೇಡ, ಅವರು ದೃಢವಾದ ವ್ಯಕ್ತಿ ಎಂದು ಅಹ್ಮದ್ ತಡೆದರು. ಇಬ್ನು ಮಈನ್ ಕೇಳಲಿಲ್ಲ. ಅಬೂ ನುಐಮರ ಮೂವತ್ತು ಹದೀಸುಗಳನ್ನು ಬರೆದು, ಪ್ರತಿ ಹತ್ತಕ್ಕೆ ಒಂದರಂತೆ ಅವರದ್ದಲ್ಲದ ಹದೀಸನ್ನು ತೂರಿಸಿದರು. ಮನೆಯ ಮುಂದಿನ ಜಗಲಿಯ ಮೇಲೆ ಗುರುಗಳು ನಡುವೆ, ಇಬ್ಬರು ಅಕ್ಕಪಕ್ಕದಲ್ಲಿ, ಜೊತೆಯಲ್ಲಿ ಬಂದಿದ್ದ ಅಹ್ಮದ್ ಇಬ್ನು ಮನ್ಸೂರ್ ಅರ್ರಮಾದೀ ಕೆಳಗೆ ಕುಳಿತರು. ಮೊದಲ ಹತ್ತು ಓದಿದಾಗ ಗುರುಗಳು ಸುಮ್ಮನಿದ್ದರು. ಹನ್ನೊಂದನೆಯದು ಬಂದಾಗ, ಇದು ನನ್ನದಲ್ಲ, ಹೊಡೆದುಹಾಕು ಎಂದರು. ಎರಡನೆಯ ಹತ್ತರ ಬಳಿಕವೂ ಹಾಗೆಯೇ ಆಯಿತು. ಮೂರನೆಯ ಬಾರಿ ಅವರ ಕಣ್ಣು ಕೆಂಪಾದವು. ಅಹ್ಮದರ ತೋಳು ಹಿಡಿದು ಇವರು ಇಂಥದಕ್ಕೆ ಕೈ ಹಾಕದಷ್ಟು ಧರ್ಮನಿಷ್ಠರೆಂದರು. ರಮಾದಿಯನ್ನು ತೋರಿಸಿ ಇವನಿಗೆ ಅಷ್ಟು ಸಾಮರ್ಥ್ಯವಿಲ್ಲವೆಂದರು. ಹಾಗಾದರೆ ಇದು ನಿನ್ನದೇ ಕೆಲಸ ಎನ್ನುತ್ತಾ ಇಬ್ನು ಮಈನರನ್ನು ಜಗಲಿಯಿಂದ ಕೆಳಗೆ ಒದ್ದು ಒಳಗೆ ಹೋದರು. ನಾನು ಮೊದಲೇ ಹೇಳಲಿಲ್ಲವೇ ಎಂದು ಅಹ್ಮದ್ ಕೇಳಿದರೆ, ಆ ಒದೆತ ತನಗೆ ಇಡೀ ಪ್ರಯಾಣಕ್ಕಿಂತ ಪ್ರಿಯವಾಯಿತೆಂದರು ಇಬ್ನು ಮಈನ್! ಪಾಪ, ಸಾಮರ್ಥ್ಯವಿಲ್ಲವೆನ್ನಿಸಿಕೊಂಡ ರಮಾದಿಯವರೇ ಈ ಘಟನೆಯನ್ನು ನಮಗೆ ವರದಿ ಮಾಡಿದವರು.

ಇನ್ನೊಂದು ಅಳತೆಗೋಲು ಇಸವಿಗಳ ಲೆಕ್ಕ. ವರದಿಗಾರರು ಸುಳ್ಳನ್ನು ಬಳಸತೊಡಗಿದಾಗ ನಾವು ತಾರೀಖನ್ನು ಬಳಸಿದೆವೆಂಬರ್ಥದ ಮಾತು ಸುಫ್ಯಾನ್ ಅಸ್ಸೌರೀ(ರ) ಅವರದ್ದು. ಉಮರ್ ಇಬ್ನು ಮೂಸಾ ಎಂಬಾತ ಶಾಮಿನ ಹಿಮ್ಸ್ ಪಟ್ಟಣಕ್ಕೆ ಬಂದು ಅಲ್ಲಿಯ ಸಜ್ಜನ ಗುರುವೊಬ್ಬರ ಹೆಸರಿನಲ್ಲಿ ಹದೀಸ್ ಹೇಳತೊಡಗಿದ. ಉಫೈರ್ ಇಬ್ನು ಮಅದಾನ್ ಎಂಬವರು, ಯಾವ ಗುರು ಎಂದು ಕೇಳಿದರು. ಖಾಲಿದ್ ಇಬ್ನು ಮಅದಾನ್ ಎಂದ. ಯಾವ ವರ್ಷ ಕಂಡಿರಿ? 108ರಲ್ಲಿ. ಎಲ್ಲಿ? ಅರ್ಮೇನಿಯಾದ ಯುದ್ಧದಲ್ಲಿ. ಅಲ್ಲಾಹನನ್ನು ಭಯಪಡು, ಖಾಲಿದ್ ತೀರಿಕೊಂಡದ್ದು 104ರಲ್ಲಿ, ಅವರು ಅರ್ಮೇನಿಯಾದ ಯುದ್ಧಕ್ಕೆ ಹೋದವರೇ ಅಲ್ಲ ಎಂದರು ಉಫೈರ್.

ಇದರ ಬಲ ತಿಳಿಯಲು ನಮ್ಮ ಊರಿನ ಹೆಸರೇ ಸಾಕು. ಟಿಪ್ಪು ಸುಲ್ತಾನರ ಕಾಲದ್ದೆಂದು ಯಾರಾದರೂ ಒಂದು ಜಮೀನಿನ ಪತ್ರ ತಂದರೆನ್ನೋಣ. ಕಾಗದ ಹಳತಾಗಿದೆ, ಮಸಿ ಮಾಸಿದೆ, ಮುದ್ರೆಯೂ ಇದೆ. ಆದರೆ ಅದರಲ್ಲಿ ಊರಿನ ಹೆಸರು ಚಾಮರಾಜನಗರ ಎಂದಿದೆ. ಅಷ್ಟು ಸಾಕು, ಮುಂದೆ ಓದಬೇಕಾಗಿಲ್ಲ. ಆ ಕಾಲದಲ್ಲಿ ಈ ಊರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನು ಇದಕ್ಕಿಟ್ಟದ್ದು 1818ರಲ್ಲಿ. ಹಾಗೆಯೇ 1980ರ ಪತ್ರವೊಂದರಲ್ಲಿ ಗುಂಡ್ಲುಪೇಟೆಯು ಚಾಮರಾಜನಗರ ಜಿಲ್ಲೆಯ ತಾಲೂಕೆಂದಿದ್ದರೆ ಅದನ್ನು ಬರೆದವನು 1997ರ ಅನಂತರದವನೇ ಸರಿ, ಏಕೆಂದರೆ ಅಲ್ಲಿಯವರೆಗೆ ನಾವು ಮೈಸೂರು ಜಿಲ್ಲೆಯವರು. ಹದೀಸ್ ವಿದ್ವಾಂಸರು ಸಾವಿರಾರು ವರದಿಗಾರರ ಹುಟ್ಟು, ಸಾವು, ಪ್ರಯಾಣ, ವಾಸಸ್ಥಳಗಳನ್ನು ಸಂಗ್ರಹಿಸಿದ್ದು ಕೇವಲ ಕುತೂಹಲಕ್ಕಲ್ಲ. ಅಂಥ ಮಾಹಿತಿಯಿಲ್ಲದೆ ಉಫೈರ್ ಅವರ ಪ್ರಶ್ನೆಯನ್ನು ಕೇಳುವುದಕ್ಕೇ ಆಗುತ್ತಿರಲಿಲ್ಲ.

ಈ ಪರಿಶೀಲನೆಯು ನಿಷ್ಠುರವಾಗಿದ್ದರೂ ನಿರ್ದಯವಾಗಿರಲಿಲ್ಲ. ಒಬ್ಬನನ್ನು ಒಮ್ಮೆ ದುರ್ಬಲನೆಂದು ಕರೆದು ಬದಿಗೆಸೆಯುವ ಕ್ರಮವಾಗಿರಲಿಲ್ಲ ಅದು. ಈಜಿಪ್ಟಿನ ನ್ಯಾಯಾಧೀಶರಾಗಿದ್ದ ಇಬ್ನು ಲಹೀಆ (ಮರಣ ಹಿ.ಶ. 174) ಅವರ ಗ್ರಂಥಗಳು ಬೆಂಕಿಗೆ ಆಹುತಿಯಾದವೆಂದೂ, ಆ ಬಳಿಕ ಅವರ ವರದಿಗಳಲ್ಲಿ ಗೊಂದಲ ಹೆಚ್ಚಿತೆಂದೂ ಅನೇಕ ವಿದ್ವಾಂಸರು ಹೇಳುತ್ತಾರೆ. ಆದುದರಿಂದ ಇಬ್ನುಲ್ ಮುಬಾರಕ್, ಇಬ್ನು ವಹ್ಬ್ ಮುಂತಾಗಿ ಅವರಿಂದ ಮೊದಲೇ ಕೇಳಿದವರ ವರದಿಗೆ ಒಂದು ಬೆಲೆ, ಅನಂತರ ಕೇಳಿದವರದ್ದಕ್ಕೆ ಇನ್ನೊಂದು ಬೆಲೆ. ಒಬ್ಬನೇ ಮನುಷ್ಯನ ಆಯುಷ್ಯವನ್ನು ಹೀಗೆ ಭಾಗಮಾಡಿ ತೂಗಿದರು. ಬಸ್ರಾದ ಜರೀರ್ ಇಬ್ನು ಹಾಝಿಮ್ (ಮರಣ ಹಿ.ಶ. 170) ಅವರ ಸಂಗತಿಯಂತೂ ವೃದ್ಧ ತಂದೆತಾಯಿಗಳಿರುವ ಮನೆಯವರ ಮನಸ್ಸನ್ನು ತಟ್ಟುವಂಥದ್ದು. ಕೊನೆಗಾಲದಲ್ಲಿ ಅವರಿಗೆ ಮರೆವು ಬಂತು. ಅವರ ಮಕ್ಕಳು ಹದೀಸ್ ಬಲ್ಲವರಾಗಿದ್ದರು. ತಂದೆಯ ಸ್ಥಿತಿಯನ್ನು ಗುರುತಿಸಿದ ಕೂಡಲೇ ಅವರು ವಿದ್ಯಾರ್ಥಿಗಳು ಅವರ ಬಳಿಗೆ ಹೋಗದಂತೆ ತಡೆದರು. ಹೀಗಾಗಿ ಆ ಸ್ಥಿತಿಯಲ್ಲಿ ಅವರಿಂದ ಯಾರೂ ಏನನ್ನೂ ಕೇಳಲಿಲ್ಲ, ಅವರ ಹೆಸರಿಗೆ ಕಳಂಕವೂ ಬರಲಿಲ್ಲ.

ಎಲ್ಲ ಮನೆಗಳಲ್ಲೂ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಅಲೀ ಇಬ್ನುಲ್ ಮದೀನೀ(ರ) ಅವರನ್ನು ಜನರು ಅವರ ತಂದೆಯ ಬಗ್ಗೆ ಕೇಳಿದರು. ಬೇರೆಯವರನ್ನು ಕೇಳಿರೆಂದರು. ಜನರು ಬಿಡಲಿಲ್ಲ. ತಲೆತಗ್ಗಿಸಿ ಕುಳಿತ ಅಲೀ, ಬಳಿಕ ತಲೆಯೆತ್ತಿ, ಇದು ದೀನಿನ ವಿಷಯ, ನನ್ನ ತಂದೆ ದುರ್ಬಲರು ಎಂದು ಹೇಳಿಬಿಟ್ಟರು. ಝೈದ್ ಇಬ್ನು ಅಬೀ ಉನೈಸಾ ಅವರು ತಮ್ಮ ಸಹೋದರನಿಂದ ಹದೀಸ್ ತೆಗೆದುಕೊಳ್ಳಬೇಡಿರೆಂದು ಬಹಿರಂಗವಾಗಿ ಹೇಳಿದರು. ಬಂಧುತ್ವದ ಹೆಸರಿನಲ್ಲಿ ನಮ್ಮ ಜಮಾಅತುಗಳಲ್ಲಿ ಏನೇನು ಮುಚ್ಚಿಹೋಗುತ್ತದೆಂದು ಬಲ್ಲವರಿಗೆ ಈ ಎರಡು ವಾಕ್ಯಗಳ ತೂಕ ತಿಳಿದೀತು.

ಸ್ತ್ರೀಯರ ಕುರಿತು ಇಮಾಮ್ ಝಹಬೀ(ರ) (ಮರಣ ಹಿ.ಶ. 748) ಮಾಡಿರುವ ಟಿಪ್ಪಣಿಯೊಂದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ತಿಳಿದಿರಬೇಕು. ದೋಷಾರೋಪಕ್ಕೆ ಒಳಗಾದ ಸಾವಿರಾರು ವರದಿಗಾರರ ಹೆಸರುಗಳಿರುವ ಮೀಝಾನುಲ್ ಇಅತಿದಾಲ್ ಎಂಬ ತಮ್ಮ ಗ್ರಂಥದಲ್ಲಿ ಅವರು, ಹದೀಸಿನಲ್ಲಿ ಸುಳ್ಳಾಡಿದಳೆಂಬ ಆರೋಪ ಹೊತ್ತ, ಅಥವಾ ವಿದ್ವಾಂಸರು ತ್ಯಜಿಸಿದ ಒಬ್ಬ ಮಹಿಳೆಯನ್ನೂ ತಾನರಿಯೆನೆಂದು ಬರೆದಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಏಳದಿರದು. ಇದು ಗೀಬತ್, ಅಂದರೆ ಪರದೂಷಣೆ ಅಲ್ಲವೇ? ಸತ್ತವರ ದೋಷಗಳನ್ನು ಬರೆದಿಡುವುದು ಹೇಗೆ ಸಮ್ಮತ? ಪ್ರಶ್ನೆ ಹೊಸತಲ್ಲ, ಆ ವಿದ್ವಾಂಸರ ಮುಖದೆದುರೇ ಕೇಳಿದ್ದು. ನ್ಯಾಯಾಲಯದಲ್ಲಿ ಸುಳ್ಳುಸಾಕ್ಷಿಯನ್ನು ಬಯಲು ಮಾಡುವುದು ಹೇಗೆ ಕರ್ತವ್ಯವೋ ಹಾಗೆಯೇ ಇದೂ ಎಂಬುದು ಅವರ ಉತ್ತರ. ಆದರೂ ಉತ್ತರ ಗೊತ್ತಿದ್ದ ಮಾತ್ರಕ್ಕೆ ಅವರ ಮನಸ್ಸು ಹಗುರಾಗಲಿಲ್ಲ. ಇಮಾಮ್ ಬುಖಾರಿ(ರ) ಸುಳ್ಳುಗಾರ ಎಂಬ ಪದವನ್ನು ಅಪರೂಪಕ್ಕೆ ಮಾತ್ರ ಬಳಸಿ, ಬಹುಮಟ್ಟಿಗೆ 'ಅವನ ವಿಷಯದಲ್ಲಿ ಪರಿಶೀಲನೆ ಬೇಕು' ಎಂಬಂಥ ಮೃದುವಾದ ಮಾತಿನಲ್ಲಿ ನಿಲ್ಲುತ್ತಿದ್ದರು. ಆ ಮೃದು ಮಾತಿನ ಹಿಂದೆ ಕಠಿಣವಾದ ತೀರ್ಪಿದೆಯೆಂಬುದು ಬಲ್ಲವರಿಗೆ ತಿಳಿಯುತ್ತಿತ್ತು. ರಯ್ಯ್ ನಗರದ ಇಬ್ನು ಅಬೀ ಹಾತಿಮ್(ರ) (ಮರಣ ಹಿ.ಶ. 327) ಸುಮಾರು 18 ಸಾವಿರ ವರದಿಗಾರರ ವಿವರಗಳುಳ್ಳ ತಮ್ಮ ಅಲ್ ಜರ್ಹ್ ವ ತಅದೀಲ್ ಗ್ರಂಥವನ್ನು ಶಿಷ್ಯರಿಗೆ ಓದಿ ಹೇಳುತ್ತಿದ್ದರು. ಆಗ ಒಬ್ಬರು ಇಬ್ನು ಮಈನ್ ಅವರ ಮಾತೊಂದನ್ನು ನೆನಪಿಸಿದರು. ನಾವು ಟೀಕಿಸುವ ಈ ಜನರು ಇನ್ನೂರು ವರ್ಷಗಳ ಹಿಂದೆಯೇ ಸ್ವರ್ಗದಲ್ಲಿ ತಮ್ಮ ಬಿಡಾರ ಇಳಿಸಿರಬಹುದು ಎಂಬರ್ಥದ ಮಾತು ಅದು. ಇಬ್ನು ಅಬೀ ಹಾತಿಮ್ ಅತ್ತರು. ಕೈ ನಡುಗಿ ಪುಸ್ತಕ ಕೆಳಗೆ ಬಿತ್ತು. ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಆದರೆ ಪುಸ್ತಕವನ್ನು ಅವರು ಸುಡಲಿಲ್ಲ, ಅದು ಇಂದಿಗೂ ಉಳಿದಿದೆ.

ಇಲ್ಲಿ ಬಹಳ ಪ್ರಸಿದ್ಧವಾದ ಕಥೆಯೊಂದನ್ನು ಹೇಳಲೇಬೇಕು. ಅಹ್ಮದ್ ಇಬ್ನು ಹಂಬಲ್ ಮತ್ತು ಇಬ್ನು ಮಈನ್ ಬಗ್ದಾದಿನ ರುಸಾಫಾ ಮಸೀದಿಯಲ್ಲಿ ನಮಾಝ್ ಮುಗಿಸಿದಾಗ ಕಥೆಗಾರನೊಬ್ಬ ಎದ್ದುನಿಂತು, ಇದೇ ಇಬ್ಬರ ಹೆಸರನ್ನು ಸನದಿನಲ್ಲಿ ಹೇಳಿ, ಕಲಿಮಾದ ಒಂದೊಂದು ಪದದಿಂದಲೂ ಚಿನ್ನದ ಕೊಕ್ಕಿನ ಹಕ್ಕಿಯೊಂದು ಸೃಷ್ಟಿಯಾಗುವುದೆಂದು ಇಪ್ಪತ್ತು ಪುಟಗಳಷ್ಟು ಬಣ್ಣಿಸುತ್ತಾನೆ. ಇಬ್ಬರೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಅವನು ಜನರಿಂದ ಕಾಸು ಒಟ್ಟುಮಾಡಿದ ಬಳಿಕ ಇಬ್ನು ಮಈನ್ ಕರೆಯುತ್ತಾರೆ. ಇನಾಮು ಸಿಗುವುದೆಂದು ಅವನು ಬರುತ್ತಾನೆ. ನಾನೇ ಇಬ್ನು ಮಈನ್, ಇವರೇ ಅಹ್ಮದ್ ಎಂದರೆ, ಇಬ್ನು ಮಈನ್ ಮೂರ್ಖನೆಂದು ಕೇಳಿದ್ದೆ, ಈಗ ಖಚಿತವಾಯಿತು, ಜಗತ್ತಿನಲ್ಲಿ ನೀವಿಬ್ಬರೇ ಇರುವುದೇ, ನಾನು ಹದಿನೇಳು ಮಂದಿ ಅಹ್ಮದ್ ಇಬ್ನು ಹಂಬಲರಿಂದ ಬರೆದುಕೊಂಡಿದ್ದೇನೆ ಎನ್ನುತ್ತಾನೆ. ಅಹ್ಮದ್ ತೋಳಿನಿಂದ ಮುಖ ಮುಚ್ಚಿಕೊಂಡು, ಅವನನ್ನು ಬಿಟ್ಟುಬಿಡಿ ಎನ್ನುತ್ತಾರೆ.

ಸೊಗಸಾದ ಕಥೆ. ಸುಳ್ಳು ಹದೀಸುಗಳ ಬಗ್ಗೆ ನಡೆಯುವ ಪ್ರವಚನಗಳಲ್ಲಿ ಇದು ಇರಲೇಬೇಕು, ಸಭಿಕರು ನಗಲೇಬೇಕು. ಆದರೆ ಇದರ ಸನದಿನಲ್ಲಿ ಇಬ್ರಾಹೀಮ್ ಇಬ್ನು ಅಬ್ದುಲ್ ವಾಹಿದ್ ಎಂಬ ಹೆಸರಿದೆ. ಝಹಬೀ(ರ) ಮೀಝಾನಿನಲ್ಲಿ ಈ ಮನುಷ್ಯ ಯಾರೆಂದು ತನಗೆ ತಿಳಿಯದೆಂದೂ, ಇವನು ತಂದ ಕಥೆ ಇವನೇ ಕಟ್ಟಿದ್ದಿರಬಹುದೆಂಬ ಆತಂಕ ತನಗಿದೆಯೆಂದೂ ಬರೆದರು. ಕಥೆ ಹದೀಸ್ ವಿದ್ವಾಂಸರ ಪರವಾಗಿಯೇ ಇದೆ, ಅವರ ವೈರಿಗಳನ್ನು ಹಾಸ್ಯಕ್ಕೀಡುಮಾಡುತ್ತದೆ. ಆದರೂ ತಂದವನಾರೆಂದು ಕೇಳದೆ ಅವರು ಬಿಡಲಿಲ್ಲ. ಇಬ್ನು ಮಈನರು ಒದೆಸಿಕೊಂಡ ಘಟನೆಗೆ ಜೊತೆಯಲ್ಲಿ ಕುಳಿತಿದ್ದವರೇ ಸಾಕ್ಷಿ, ಅವರನ್ನು ಮೆರೆಸುವ ಈ ಕಥೆಗೆ ಗುರುತಿಲ್ಲದವನೊಬ್ಬ ಸಾಕ್ಷಿ. ನಮ್ಮ ಎಣಿಕೆಯಲ್ಲಿ ಈ ಶಾಸ್ತ್ರದ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಆಧಾರ ಬೇಕಾಗಿಲ್ಲ.

ಝಹಬೀಯವರ ಈ ಟಿಪ್ಪಣಿಯನ್ನು ಇಬ್ನು ಹಜರ್ ಅಲ್ ಅಸ್ಕಲಾನೀ(ರ) (ಮರಣ ಹಿ.ಶ. 852, ಕ್ರಿ.ಶ. 1449) ತಮ್ಮ ಲಿಸಾನುಲ್ ಮೀಝಾನ್ ಗ್ರಂಥಕ್ಕೆ ತೆಗೆದುಕೊಂಡರು. ಆ ಗ್ರಂಥ ಅಚ್ಚಾದದ್ದು ಕೈರೋದಲ್ಲಿರಬಹುದೆಂದು ಯಾರಾದರೂ ಊಹಿಸಿಯಾರು. ಅಲ್ಲ, ಅದು ಅಚ್ಚಾದದ್ದು ನಮ್ಮ ದಕ್ಖನಿನ ಹೈದರಾಬಾದಿನಲ್ಲಿ. 1888ರಲ್ಲಿ ಅಲ್ಲಿ ಸ್ಥಾಪನೆಯಾದ ದಾಇರತುಲ್ ಮಆರಿಫ್ ಸಂಸ್ಥೆಯು ಇಬ್ನು ಹಜರರ ತಹ್‌ಝೀಬುತ್ತಹ್‌ಝೀಬನ್ನು ಹಿ.ಶ. 1325ರಿಂದ 1327ರ ನಡುವೆ (ಕ್ರಿ.ಶ. 1907–1909) 12 ಸಂಪುಟಗಳಲ್ಲಿ ಮುದ್ರಿಸಿತು. ಲಿಸಾನ್ ಅದರ ಹಿಂದೆಯೇ ಬಂತು. ಇಮಾಮ್ ಬುಖಾರಿಯವರ(ರ) ಅತ್ತಾರೀಖುಲ್ ಕಬೀರ್ 1940ರ ದಶಕದಲ್ಲಿ ಬಂತು. ಇಬ್ನು ಅಬೀ ಹಾತಿಮರ ಕೈಯಿಂದ ಜಾರಿಬಿದ್ದ ಆ ಗ್ರಂಥವೂ 1952–53ರಲ್ಲಿ 9 ಸಂಪುಟಗಳಲ್ಲಿ ಅಲ್ಲಿಂದಲೇ ಹೊರಬಂತು. ಅದನ್ನು ಸಂಪಾದಿಸಿದ ಅಬ್ದುರ್ರಹ್ಮಾನ್ ಅಲ್ ಮುಅಲ್ಲಿಮೀ(ರ) ಯೆಮನಿನಿಂದ ಬಂದವರು. ಹೈದರಾಬಾದಿನಲ್ಲಿ ಸುಮಾರು ಎರಡೂವರೆ ದಶಕ ಹಸ್ತಪ್ರತಿಗಳನ್ನು ತಾಳೆನೋಡುತ್ತಾ ಕುಳಿತು, ಕೊನೆಗೆ ಮಕ್ಕಾದ ಹರಮ್ ಗ್ರಂಥಾಲಯಕ್ಕೆ ತೆರಳಿದರು. ಅರಬ್ ಜಗತ್ತಿನ ವಿದ್ವಾಂಸರು ಇಂದಿಗೂ ಈ ಹೈದರಾಬಾದ್ ಮುದ್ರಣಗಳ ಪುಟಸಂಖ್ಯೆಗಳನ್ನು ಉದ್ಧರಿಸುತ್ತಾರೆ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು 1956ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು ಎಂಬುದನ್ನು ನೆನೆದರೆ, ನಮ್ಮಂತೆ ರಾಜ್ಯದ ದಕ್ಷಿಣ ತುದಿಯಲ್ಲಿರುವ ಮೈಸೂರು ಸೀಮೆಯವರಿಗೆ ಅಲ್ಲವಾದರೂ, ಕನ್ನಡ ಮುಸ್ಲಿಮರ ಒಂದು ಭಾಗಕ್ಕೆ ಇದು ತಮ್ಮದೇ ಸರಕಾರದ ಕಾಲದ ಕೆಲಸ.

ಅದೇ ಬೀದರಿಗೂ ಇಬ್ನು ಹಜರರಿಗೂ ಅಚ್ಚಿನ ಕಾಲಕ್ಕಿಂತ ನಾನೂರೈವತ್ತು ವರ್ಷಗಳಿಗೂ ಹಿಂದೆಯೇ ಒಂದು ನಂಟು ಬೆಳೆದಿತ್ತು. ಗೀಲಾನಿನ ಕುಲೀನ ಮನೆತನದ ಮಹಮೂದ್ ಗವಾನ್ ಎಂಬ ಯುವಕ ಊರು ಬಿಟ್ಟು ವ್ಯಾಪಾರಿಯಾಗಿ ದೇಶ ಸುತ್ತುತ್ತಾ ಹಿ.ಶ. 843ರಲ್ಲಿ ಕೈರೋ ತಲಪಿ, ಇಬ್ನು ಹಜರರನ್ನು ಕಂಡು ಅವರಿಂದ ಕಲಿತನೆಂದು ಆ ಗುರುಗಳ ಶಿಷ್ಯ ಸಖಾವೀ(ರ) ತಮ್ಮ ಶತಮಾನದ ಗಣ್ಯರ ಚರಿತ್ರಕೋಶದಲ್ಲಿ ದಾಖಲಿಸಿದ್ದಾರೆ. ವರದಿಗಾರರ ಹುಟ್ಟುಸಾವುಗಳನ್ನು ಬರೆದಿಡುವ ಹದೀಸ್ ವಿದ್ವಾಂಸರ ಆ ಅಭ್ಯಾಸವೇ ಬೀದರಿನ ಮಂತ್ರಿಯ ಈ ವಿವರವನ್ನೂ ನಮಗೆ ಉಳಿಸಿಕೊಟ್ಟಿತು. 1453ರ ಸುಮಾರಿಗೆ ದಕ್ಖನಿಗೆ ಬಂದ ಗವಾನ್ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿ ಬೆಳೆದರು. 1472ರಲ್ಲಿ ಅವರು ಪೂರ್ಣಗೊಳಿಸಿದ ಮದ್ರಸದ ಎತ್ತರದ ಮಿನಾರು, ಅದರ ಮೇಲಿನ ನೀಲಿ ಹಸಿರು ಹೆಂಚಿನ ತುಣುಕುಗಳು ಬೀದರಿಗೆ ಹೋದವರಿಗೆ ಇಂದಿಗೂ ಕಾಣಸಿಗುತ್ತವೆ.

ಅವರ ಅಂತ್ಯವನ್ನು ಚರಿತ್ರಕಾರ ಫಿರಿಶ್ತಾ ವಿವರಿಸಿದ್ದಾನೆ. ಆಸ್ಥಾನದ ವೈರಿಗಳು ಗವಾನರ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ದಂಡೆತ್ತಿ ಬರುವಂತೆ ಒರಿಸ್ಸಾದ ರಾಜನನ್ನು ಆಹ್ವಾನಿಸುವ ಪತ್ರವೊಂದನ್ನು ಅದರಲ್ಲಿ ಬರೆದು, ಮೂರನೆಯ ಮುಹಮ್ಮದ್ ಶಾಹ್ ಸುಲ್ತಾನನು ಮದ್ಯದ ಅಮಲಿನಲ್ಲಿದ್ದಾಗ ಅವನ ಮುಂದಿಟ್ಟರು. ಸುಲ್ತಾನ ಮಂತ್ರಿಯನ್ನು ಕರೆಸಿದ. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದರು ಗವಾನ್. ಪತ್ರ ತಂದವರು ಯಾರೆಂದಾಗಲಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದಾಗಲಿ ಸುಲ್ತಾನ ವಿಚಾರಣೆ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆಸುಪಾಸಿನ ಆ ವೃದ್ಧರ ತಲೆ ಕಡಿಯಲಾಯಿತು. ಪತ್ರ ಸುಳ್ಳೆಂದು ಸುಲ್ತಾನನಿಗೆ ಬೇಗನೆ ತಿಳಿಯಿತು. ಪಶ್ಚಾತ್ತಾಪದಲ್ಲಿಯೇ ಬೆಂದು ಅವನು ಮರುವರ್ಷ ತೀರಿಕೊಂಡ. ಗವಾನರ ಸಮಾಧಿ ಬೀದರ್ ನಗರದ ಹೊರವಲಯದಲ್ಲಿದೆ.